ಹತ್ತಕ್ಕೆ ಎರಡು ಅಂಕ

ಚಿತ್ರಕಲಾ ಶಾಲೆಯಲ್ಲಿ ಕಲಾ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ನನ್ನ ಹತ್ತಿರ ಒಂದು ಪಟ್ಟಿ ಇತ್ತು. ನಾಯಿ ಎಂದರೆ ನಿಷ್ಠೆ. ತಲೆಬುರುಡೆ ಎಂದರೆ ಸಾವು. ಆರುವ ಮೇಣದಬತ್ತಿ ಎಂದರೆ ಆಯುಷ್ಯ ಮುಗಿಯಿತು ಎಂದು. ಕನ್ನಡಿ ಎಂದರೆ ರೂಪದ ಅಹಂಕಾರ. ಪರೀಕ್ಷೆಗೆ ಬಲು ಅನುಕೂಲದ ಪಟ್ಟಿ ಅದು. ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು, ನಾನು ಸರಿ ಗುರುತು ಹಾಕುತ್ತಿದ್ದೆ. ಚಿತ್ರವನ್ನು ನೋಡುವ ಶ್ರಮ ಇಬ್ಬರಿಗೂ ಇರಲಿಲ್ಲ. ಈ ಪಟ್ಟಿಯನ್ನು ನಂಬಿಕೊಂಡು ನಾನು ಒಬ್ಬ ವಿದ್ಯಾರ್ಥಿನಿಯ ಉತ್ತರಕ್ಕೆ ಹತ್ತಕ್ಕೆ ಎರಡು ಅಂಕ ಕೊಟ್ಟೆ. ಅಷ್ಟು ವರ್ಷ ಅದೇ ಚಿತ್ರದ ಪಾಠ ಮಾಡಿಯೂ ನನಗೆ ಕಾಣದೇ ಹೋಗಿದ್ದ ಸಂಗತಿ ಆ ಉತ್ತರದಲ್ಲಿತ್ತು.

ಚಿತ್ರ ಸ್ಪೇನಿನ ಡಿಯೇಗೊ ವೆಲಾಸ್ಕೆಸ್ ಬರೆದ ‘ರೋಕ್‌ಬಿ ವೀನಸ್’. 1647ರಿಂದ 1651ರ ನಡುವೆ ಬರೆದದ್ದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ರೋಮನ್ನರ ಪ್ರೇಮದೇವತೆ ವೀನಸ್ ನಮಗೆ ಬೆನ್ನು ಕೊಟ್ಟು ಮಲಗಿದ್ದಾಳೆ. ಮೈಮೇಲೆ ಬಟ್ಟೆಯಿಲ್ಲ, ಒಡವೆಯೂ ಇಲ್ಲ. ಬಲಗೈಯನ್ನು ತಲೆಗೆ ಆನಿಸಿಕೊಂಡಿದ್ದಾಳೆ, ಕಂದುಗೂದಲನ್ನು ತುರುಬು ಕಟ್ಟಿದ್ದಾಳೆ. ಅವಳ ಕಾಲಿನ ಕಡೆ ಮಗ ಕ್ಯುಪಿಡ್ ಮಂಡಿಯೂರಿ ಒಂದು ಕನ್ನಡಿ ಹಿಡಿದಿದ್ದಾನೆ. ಬಿಲ್ಲಿಲ್ಲ, ಬಾಣವಿಲ್ಲ, ರೆಕ್ಕೆ ಮಾತ್ರ ಇದೆ. ಆ ರೆಕ್ಕೆಯೂ ಇಲ್ಲದಿದ್ದರೆ ಇವಳು ದೇವತೆ ಎಂದು ಹೇಳಲು ಚಿತ್ರದಲ್ಲಿ ಬೇರೆ ಆಧಾರವೇ ಇಲ್ಲ. ಕನ್ನಡಿಯ ಚೌಕಟ್ಟಿನ ಮೇಲೆ ಗುಲಾಬಿ ಬಣ್ಣದ ರಿಬ್ಬನ್ ಇಳಿಬಿದ್ದಿದೆ. ಕನ್ನಡಿಯೊಳಗೆ ಅವಳ ಮುಖ ಮಸುಕಾಗಿ ಕಾಣುತ್ತದೆ.

ನಮ್ಮ ಗ್ರಂಥಾಲಯದ ಪುಸ್ತಕದಲ್ಲಿದ್ದ ಮುದ್ರಣದಿಂದ ತೆಗೆಸಿದ ಸ್ಲೈಡು ನನ್ನದು. ಪುಸ್ತಕದಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲ. ಹಾಗಾಗಿ ಕನ್ನಡಿಯ ಮುಖದ ಮಸುಕು ಅಚ್ಚಿನ ದೋಷವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ‘ಪ್ರಿಂಟ್ ಸರಿಯಿಲ್ಲ, ಅದನ್ನ ಬಿಡಿ’ ಎಂದು ತರಗತಿಗೂ ಹೇಳುತ್ತಿದ್ದೆ. ಪಕ್ಕದ ತುರುಬು, ಕುತ್ತಿಗೆ, ಕ್ಯುಪಿಡ್‌ನ ರೆಕ್ಕೆ ಅದೇ ಪುಟದಲ್ಲಿ ಅಷ್ಟೇನೂ ಮಸುಕಾಗಿರಲಿಲ್ಲ. ಒಂದು ಮುಖವನ್ನು ಮಾತ್ರ ಆರಿಸಿಕೊಂಡು ಕೆಡಿಸುವ ಅಚ್ಚಿನ ಯಂತ್ರ ಎಲ್ಲಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಸ್ಲೈಡು ಪರದೆಗೆ ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಗುಸುಗುಸು ಏಳುತ್ತಿತ್ತು. ಹುಡುಗಿಯರು ನೋಟ್ಸಿನತ್ತ ತಲೆ ಬಗ್ಗಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಪಟ್ಟಿಗೆ ಕೈ ಹಾಕುತ್ತಿದ್ದೆ: ‘ಕನ್ನಡಿ ಅಹಂಕಾರದ ಸಂಕೇತ. ವೀನಸ್ ತನ್ನ ಚೆಲುವನ್ನು ತಾನೇ ನೋಡಿ ಮೈಮರೆತಿದ್ದಾಳೆ. ರೂಪ ಶಾಶ್ವತವಲ್ಲ ಎಂದು ಕಲಾವಿದ ಎಚ್ಚರಿಸುತ್ತಿದ್ದಾನೆ.’ ಜೊತೆಗೆ ಬೇಲೂರಿನ ದರ್ಪಣ ಸುಂದರಿಯನ್ನೂ ಎಳೆದು ತರುತ್ತಿದ್ದೆ, ಭಾವ ಒಂದೇ ಎನ್ನುತ್ತಿದ್ದೆ. ನೀತಿಯ ಮಾತು ಕಿವಿಗೆ ಬಿದ್ದದ್ದೇ ಗುಸುಗುಸು ನಿಲ್ಲುತ್ತಿತ್ತು. ಮುಂದಿನ ಸ್ಲೈಡು. ಈಗ ಯೋಚಿಸಿದರೆ ಆ ಸಂಕೇತ ನಾನು ಆ ಬೆತ್ತಲೆ ಬೆನ್ನಿನ ಮೇಲೆ ಅವಸರದಲ್ಲಿ ಹೊದಿಸಿದ ಶಾಲು. ಅದರಿಂದ ಮಾನ ಉಳಿದದ್ದು ನನ್ನದು.

ಆ ವರ್ಷದ ಪರೀಕ್ಷೆಯಲ್ಲಿ ಈ ಚಿತ್ರದ ಸಾಂಕೇತಿಕತೆಯನ್ನು ವಿವರಿಸಿ ಎಂಬ ಪ್ರಶ್ನೆ ಹಾಕಿದ್ದೆ. ಕಟ್ಟುಕಟ್ಟಲೆ ಉತ್ತರಪತ್ರಿಕೆಗಳಲ್ಲಿ ನನ್ನದೇ ವಾಕ್ಯಗಳು ಮರಳಿ ಬಂದವು. ಒಬ್ಬಳು ಮಾತ್ರ ಅರ್ಧ ಪುಟವೂ ತುಂಬದ ಉತ್ತರ ಬರೆದಿದ್ದಳು. ಅದರ ಸಾರ ಇಷ್ಟು: ಕನ್ನಡಿಯಲ್ಲಿ ಅವಳ ಮುಖ ನಮಗೆ ಕಾಣುತ್ತಿದೆಯಾದರೆ ಅದೇ ಕನ್ನಡಿಯಲ್ಲಿ ಅವಳಿಗೆ ನಾವು ಕಾಣುತ್ತಿರಬೇಕು. ಅವಳು ತನ್ನನ್ನು ನೋಡಿಕೊಳ್ಳುತ್ತಿಲ್ಲ. ಹಿಂದೆ ನಿಂತು ತನ್ನನ್ನು ನೋಡುತ್ತಿರುವವರು ಯಾರು ಎಂದು ನೋಡುತ್ತಿದ್ದಾಳೆ. ಅಂಚಿನಲ್ಲಿ ಕೆಂಪು ಇಂಕಿನಿಂದ ‘ಅಪ್ರಸ್ತುತ, ಸಂಕೇತದ ವಿವರಣೆ ಇಲ್ಲ’ ಎಂದು ಬರೆದು ಎರಡು ಅಂಕ ಕೊಟ್ಟೆ. ಬರೆಯುವ ಪ್ರಯತ್ನಕ್ಕಾಗಿ ಆ ಎರಡು. ಅವಳು ಬಂದು ಕೇಳಿದಾಗ ಪುಸ್ತಕ ತೆರೆದು ತೋರಿಸಿದೆ. ಪುಸ್ತಕದಲ್ಲೂ ಅಹಂಕಾರ ಎಂದೇ ಇತ್ತು. ‘ಸರಿ ಸರ್’ ಎಂದು ಹೊರಟುಹೋದಳು.

ಆ ‘ಸರಿ’ ನನಗೆ ಚುಚ್ಚಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ನಾನು ಮರೆತೇಬಿಟ್ಟೆ. ಬಹಳ ಕಾಲದ ಮೇಲೆ ಬೇರೇನನ್ನೋ ಹುಡುಕುವಾಗ ಒಂದು ಲೇಖನ ಕಣ್ಣಿಗೆ ಬಿತ್ತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಾರ್ಕೊ ಬರ್ತಮಿನಿ ಮತ್ತು ಸಂಗಡಿಗರು 2003ರಲ್ಲಿ ‘ಪರ್ಸೆಪ್ಷನ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬರೆದದ್ದು. ಅವರು ಇದಕ್ಕೆ ‘ವೀನಸ್ ಪರಿಣಾಮ’ ಎಂದೇ ಹೆಸರಿಟ್ಟಿದ್ದಾರೆ. ಚಿತ್ರದಲ್ಲೊಬ್ಬ ವ್ಯಕ್ತಿ, ಪಕ್ಕದಲ್ಲೊಂದು ಕನ್ನಡಿ, ಕನ್ನಡಿಯಲ್ಲಿ ಆ ವ್ಯಕ್ತಿಯ ಮುಖ ಇದ್ದರೆ ಸಾಕು, ನೋಡುವವರು ‘ಆಕೆ ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ’ ಎಂದುಬಿಡುತ್ತಾರೆ. ನಾವು ನಿಂತಿರುವ ಜಾಗದಿಂದ ಕಾಣುವ ಪ್ರತಿಬಿಂಬವೇ ಬೇರೆ, ಅವಳಿರುವ ಜಾಗದಿಂದ ಕಾಣುವುದೇ ಬೇರೆ ಎಂಬುದು ಹೊಳೆಯುವುದಿಲ್ಲ. ಸಿನಿಮಾದವರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ನಾಯಕಿ ಕನ್ನಡಿಯೆದುರು ಕೂತು ಬೊಟ್ಟಿಡುವ ದೃಶ್ಯದಲ್ಲಿ ಅವಳ ಮುಖ ಕನ್ನಡಿಯ ನಡುವೆ ನಮಗೆ ನೇರವಾಗಿ ಕಂಡರೆ, ಅವಳಿಗೆ ಅಲ್ಲಿ ಕಾಣುವುದು ಕ್ಯಾಮೆರಾದ ಲೆನ್ಸು.

ಓದಿದ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ. ಮರುದಿನ ಹಾಸ್ಟೆಲ್ಲಿನಿಂದ ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕನ್ನಡಿ ತರಿಸಿದೆ. ಮಾಡೆಲ್ ಕೂರಿಸುವ ಕಟ್ಟೆಯ ಮೇಲೆ ಒಬ್ಬ ವಿದ್ಯಾರ್ಥಿನಿ ತರಗತಿಗೆ ಬೆನ್ನು ಹಾಕಿ ಕೂತಳು. ಒಬ್ಬ ಹುಡುಗ ಕ್ಯುಪಿಡ್ ಆದ, ಎಲ್ಲರೂ ನಕ್ಕರು. ‘ನಿನ್ನ ಮುಖ ನಿನಗೆ ಕಾಣುವ ಹಾಗೆ ಹಿಡಿಸಿಕೊ’ ಎಂದೆ. ಹುಡುಗ ಕನ್ನಡಿಯನ್ನು ಅತ್ತಿತ್ತ ತಿರುಗಿಸಿದ. ‘ಹಾ, ಈಗ ಕಾಣ್ತು ಸರ್’ ಎಂದಳು. ನಾನು ನಿಂತಲ್ಲಿಗೆ ಕನ್ನಡಿಯಲ್ಲಿ ಕಂಡದ್ದು ಪಕ್ಕದ ಗೋಡೆಯ ಕ್ಯಾಲೆಂಡರ್. ಈಗ ಕನ್ನಡಿಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸು ಎಂದೆ. ಕ್ಯಾಲೆಂಡರ್ ಸರಿದುಹೋಯಿತು, ಅವಳ ಕಿವಿ ಬಂತು, ಕೆನ್ನೆ ಬಂತು, ಆಮೇಲೆ ಎರಡು ಕಣ್ಣು. ಅಷ್ಟು ಹೊತ್ತಿಗೆ ಅವಳೇ ಹೇಳಿದಳು: ‘ನನ್ನ ಮುಖ ಹೋಯ್ತು ಸರ್. ನೀವು ಕಾಣ್ತಿದ್ದೀರಿ.’

ಮುಂದೆ ನಡೆದದ್ದು ಇನ್ನೂ ಸೊಗಸು. ಕನ್ನಡಿಯನ್ನು ಒಂದೊಂದೇ ಬೆಂಚಿನ ಕಡೆ ತಿರುಗಿಸುತ್ತಾ ಹೋದರು. ಬೆನ್ನು ಹಾಕಿ ಕೂತಿದ್ದವಳು ಈಗ ತನ್ನ ಮುಖ ಯಾರಿಗೆ ಕಾಣುತ್ತಿದೆ ಎಂದು ಹೇಳತೊಡಗಿದಳು. ‘ಕಿಟಕಿ ಪಕ್ಕದ ಇಬ್ಬರಿಗೆ. ಅವರ ಹಿಂದಿನವನಿಗೆ ಇಲ್ಲ, ಅವನು ಮೊಬೈಲ್ ನೋಡ್ತಿದ್ದಾನೆ.’ ಒಂದು ಸಲವೂ ತಪ್ಪಲಿಲ್ಲ. ಅವಳಿಗೆ ಯಾರ ಕಣ್ಣು ಕಾಣುತ್ತಿತ್ತೋ ಅವರಿಗೆ ಮಾತ್ರ ಅವಳ ಕಣ್ಣು ಕಾಣುತ್ತಿತ್ತು. ಹೈಸ್ಕೂಲಿನಲ್ಲಿ ಕಲಿತ ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂಬ ನಿಯಮ ಇಷ್ಟೇ. ಬೆಳಕು ಹೋದ ದಾರಿಯಲ್ಲೇ ಹಿಂದಿರುಗಬಲ್ಲದು, ಆದ್ದರಿಂದ ನೋಟವೂ ಎರಡು ಕಡೆಯದು. ಬಸ್ಸಿನಲ್ಲಿ ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಕಂಡ ಕೂಡಲೇ ಸೆರಗು ಸರಿಮಾಡಿಕೊಳ್ಳುವ ಪ್ರತಿಯೊಬ್ಬ ಹೆಂಗಸಿಗೂ ಇದು ಗೊತ್ತು. ನಾನು ಎರಡು ಅಂಕ ಕೊಟ್ಟವಳಿಗೂ ಅದು ಪುಸ್ತಕದಿಂದ ತಿಳಿದದ್ದಲ್ಲ. ಬೆನ್ನಿನ ಮೇಲೆ ಬೀಳುವ ನೋಟವನ್ನು ಬಲ್ಲವಳು ಆ ಬೆನ್ನನ್ನು ಕಂಡು ಬರೆದ ಉತ್ತರ ಅದು. ಹಾಗೆ ನೋಡಿದರೆ ಬೇಲೂರಿನ ಹೋಲಿಕೆಯೂ ಬಿದ್ದುಹೋಯಿತು. ದರ್ಪಣ ಸುಂದರಿಯ ಕೈಯಲ್ಲಿರುವುದು ಕಲ್ಲಿನ ಕನ್ನಡಿ. ಅದರಲ್ಲಿ ನಮಗೆ ಪ್ರತಿಬಿಂಬವಿಲ್ಲ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೆ ಸ್ವಲ್ಪ ಗೌರವ ಉಳಿಯುತ್ತಿತ್ತು. ಮುಗಿಯಲಿಲ್ಲ. ಹಳೆಯ ಪಾಠವನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ನೆಟ್ಟೆ. ಸಭೆಗಳಲ್ಲಿ, ಕಮ್ಮಟಗಳಲ್ಲಿ, ಸಿಕ್ಕವರಿಗೆಲ್ಲ ‘ವೀನಸ್ ನೋಡುತ್ತಿರುವುದು ನಮ್ಮನ್ನು, ಇದು ಭೌತಶಾಸ್ತ್ರ, ವಾದಕ್ಕೆ ಜಾಗವಿಲ್ಲ’ ಎಂದು ಹೇಳಿಕೊಂಡು ತಿರುಗಿದೆ. ಆ ದಿನ ತರಗತಿಯಲ್ಲಿ ಒಬ್ಬ ಹುಡುಗ ಪೆನ್ಸಿಲ್ಲನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಸರಿಸಿ ಅಳತೆ ತೆಗೆದಿದ್ದ. ಲೈಫ್ ಡ್ರಾಯಿಂಗಿನವರಿಗೆ ಅದು ಕೈಗೆ ಹತ್ತಿದ ಅಭ್ಯಾಸ. ‘ಸರ್, ಕನ್ನಡಿಯಲ್ಲಿರೋ ಮುಖ ಅವಳ ತಲೆಯ ಮೂರರಲ್ಲಿ ಎರಡು ಪಾಲು ಅಷ್ಟೇ ಬರ್ತಿದೆ. ಪೇಂಟಿಂಗಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಸೈಜಿದೆ’ ಎಂದಿದ್ದ. ಆಗಲಿ ಬಿಡು ಎಂದಿದ್ದೆ. ಹೊಸ ಸಿದ್ಧಾಂತದ ಹುರುಪಿನಲ್ಲಿ ಆ ಅಳತೆ ನನಗೆ ಬೇಡವಾಗಿತ್ತು.

ಅವನು ಹೇಳಿದ್ದೇ ಸರಿ. ಚಪ್ಪಟೆ ಕನ್ನಡಿಯಲ್ಲಿ ಬಿಂಬವು, ವಸ್ತು ಕನ್ನಡಿಯ ಮುಂದೆ ಎಷ್ಟು ದೂರವಿದೆಯೋ ಅಷ್ಟೇ ದೂರ ಕನ್ನಡಿಯ ಹಿಂದೆ ಇದ್ದಂತೆ ಕಾಣುತ್ತದೆ. ಅಂದರೆ ಬಿಂಬದ ಮುಖ ನಿಜವಾದ ತಲೆಗಿಂತ ನಮಗೆ ದೂರ, ದೂರವಾದ್ದರಿಂದ ಚಿಕ್ಕದು. ವೆಲಾಸ್ಕೆಸ್ ಅದನ್ನು ಚಿಕ್ಕದಾಗಿ ಬರೆದಿಲ್ಲ. ಕನ್ನಡಿ ಇರುವ ಕೋನದಲ್ಲಿ ಮುಖದ ಬದಲು ದೇಹದ ಬೇರೆ ಭಾಗ ಕಾಣಬೇಕಿತ್ತು ಎಂದು ವಾದಿಸುವವರೂ ಇದ್ದಾರೆ. ಅಂದಮೇಲೆ ಇದು ಭೌತಶಾಸ್ತ್ರದ ಕನ್ನಡಿಯೂ ಅಲ್ಲ. ಅರಮನೆಯ ಚಿತ್ರಕಾರನಾಗಿ ದಶಕಗಟ್ಟಲೆ ಮುಖಗಳನ್ನೇ ಬರೆದ ವ್ಯಕ್ತಿ, 1656ರ ‘ಲಾಸ್ ಮೆನಿನಾಸ್’ನಲ್ಲಿ ಹಿಂಗೋಡೆಯ ಪುಟ್ಟ ಕನ್ನಡಿಯೊಳಗೆ ರಾಜ ರಾಣಿಯರನ್ನು ಕೂರಿಸಿದ ವ್ಯಕ್ತಿ, ಇಲ್ಲಿ ಲೆಕ್ಕ ತಪ್ಪಿದ ಎನ್ನಲಾಗದು. ಮುಖವನ್ನು ಬೇಕೆಂದೇ ದೊಡ್ಡದು ಮಾಡಿದ್ದಾನೆ, ನಮ್ಮ ಕಣ್ಣಿಗೆ ಬೀಳಲಿ ಎಂದು. ಬೇಕೆಂದೇ ಮಸುಕು ಮಾಡಿದ್ದಾನೆ, ಇವಳು ಇಂಥವಳೇ ಎಂದು ಗುರುತು ಸಿಗದಿರಲಿ ಎಂದು. ಹತ್ತಿರ ಕರೆದು ಕೈಗೆ ಸಿಗದಂತೆ ಇಡುವುದು, ಎರಡೂ ಅವನ ಕೆಲಸವೇ. ನಾನು ಅಚ್ಚಿನ ದೋಷವೆಂದು ಒರೆಸಿಹಾಕಿದ್ದ ಜಾಗವೇ ಚಿತ್ರದ ಅತಿ ಹೆಚ್ಚು ಯೋಚನೆಯ ಜಾಗ.

ಆಮೇಲೆ ನನ್ನ ಪಟ್ಟಿಯ ಬುಡವನ್ನೂ ಹುಡುಕಿದೆ. ಇಟಲಿಯ ಚೆಸಾರೆ ರೀಪಾ 1593ರಲ್ಲಿ ‘ಐಕನೊಲೊಜಿಯಾ’ ಎಂಬ ಕೈಪಿಡಿ ಪ್ರಕಟಿಸಿದ. ಯಾವ ಗುಣವನ್ನು ಯಾವ ಆಕೃತಿಯಾಗಿ, ಕೈಗೆ ಏನು ಕೊಟ್ಟು ತೋರಿಸಬೇಕು ಎಂದು ವಿವರಿಸುವ ಗ್ರಂಥ. ಯುರೋಪಿನ ಕಲಾವಿದರು ಅದನ್ನು ಬಹಳ ಕಾಲ ಬಳಸಿದರು. ನಮ್ಮಂಥ ಮೇಷ್ಟರ ಪಟ್ಟಿಗಳೆಲ್ಲ ಇಂಥ ಕೈಪಿಡಿಗಳ ಮರಿಮಕ್ಕಳು. ಆದರೆ ಆ ಸಂಪ್ರದಾಯದಲ್ಲೇ ಕನ್ನಡಿಗೆ ಒಂದೇ ಅರ್ಥವಿಲ್ಲ. ಫ್ಲಾರೆನ್ಸಿನ ಉಫೀಜಿ ಗ್ಯಾಲರಿಯಲ್ಲಿ ಪಿಯೆರೊ ದೆಲ್ ಪೊಲ್ಲಾಯುವೊಲೊ 1470ರಲ್ಲಿ ಬರೆದ ವಿವೇಕದೇವಿಯ ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ಕನ್ನಡಿ. ಅಲ್ಲಿ ಕನ್ನಡಿ ಎಂದರೆ ತನ್ನನ್ನು ತಾನು ಅರಿಯುವುದು, ಅಹಂಕಾರಕ್ಕೆ ನೇರ ವಿರುದ್ಧ. ಮೇರಿಯ ಚಿತ್ರಗಳಲ್ಲಿ ಅದು ಕಲೆಯಿಲ್ಲದ ಶುದ್ಧತೆ. ಪಂಚೇಂದ್ರಿಯಗಳ ಚಿತ್ರಮಾಲೆಯಲ್ಲಿ ಬರೀ ಕಣ್ಣು. ವೆನಿಸ್ಸಿನ ಅಕಾದೆಮಿಯಾದಲ್ಲಿ ಜೊವಾನ್ನಿ ಬೆಲ್ಲಿನಿಯ ಒಂದು ಸಣ್ಣ ಚಿತ್ರವಿದೆ, ಬೆತ್ತಲೆ ಹೆಂಗಸೊಬ್ಬಳು ಗುಂಡು ಕನ್ನಡಿಯನ್ನು ಎತ್ತಿ ತೋರಿಸುತ್ತಾಳೆ. ಅವಳು ವಿವೇಕವೋ ಅಹಂಕಾರವೋ ಎಂದು ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಒಂದೇ ವಸ್ತು ಗುಣವೂ ಆಗಬಲ್ಲದು, ದೋಷವೂ ಆಗಬಲ್ಲದು ಎಂದಾದರೆ ತೀರ್ಪು ಕೊಡಬೇಕಾದದ್ದು ಆ ಚಿತ್ರ, ಪಟ್ಟಿ ಅಲ್ಲ.

ಈ ಚಿತ್ರದಲ್ಲಿ ನಾವು ಕಾಣುತ್ತಿರುವ ಎಲ್ಲವೂ ವೆಲಾಸ್ಕೆಸ್ ಬರೆದದ್ದೂ ಅಲ್ಲ. ಅವಳ ಕೆಳಗೆ ಹಾಸಿರುವ ಬೂದುಬಣ್ಣದ ಬಟ್ಟೆಯನ್ನು ದುಃಖದ ಛಾಯೆ ಎಂದು ಒಮ್ಮೆ ವಿವರಿಸಿದ್ದೆ. ಅದು ಮೊದಲು ಗಾಢ ನೇರಳೆಯ ಕಡೆಗಿತ್ತು, ಕಾಲ ಕಳೆದಂತೆ ಬಣ್ಣ ಹಾರಿ ಬೂದಾಗಿದೆ. ಬಣ್ಣದ ಪುಡಿ ಮಾಸಿದ್ದಕ್ಕೆ ನಾನು ದುಃಖದ ಅರ್ಥ ಹಚ್ಚಿದ್ದೆ. ಕನ್ನಡಿಯ ಮೇಲಿನ ಗುಲಾಬಿ ರಿಬ್ಬನ್ನಿನ ಬಗ್ಗೆಯೂ ಜಗಳವಿದೆ. ಕ್ಯುಪಿಡ್ ಚೆಲುವಿಗೆ ಸೆರೆಯಾಗಿರುವ ಸಂಕೋಲೆ ಎನ್ನುವವರಿದ್ದಾರೆ, ಕನ್ನಡಿಯನ್ನು ಗೋಡೆಗೆ ತೂಗುಹಾಕುವ ಸಾದಾ ಪಟ್ಟಿ ಎನ್ನುವವರೂ ಇದ್ದಾರೆ. ಎರಡನೆಯದು ನಿಜವಾದರೆ ಮೊದಲನೆಯದು ಸುಳ್ಳಾಗಬೇಕಿಲ್ಲ. ಆದರೆ ಮೊಳೆಗೆ ಸಿಕ್ಕಿಸುವ ಪಟ್ಟಿ ಎಂದು ಒಪ್ಪಿಕೊಂಡ ಮೇಲೆ ಸಂಕೋಲೆಯ ಮಾತು ಆಡುವುದು ಒಂದು ರೀತಿ, ನೋಡದೆಯೇ ಆಡುವುದು ಇನ್ನೊಂದು ರೀತಿ.

ಚಿತ್ರದ ಬಾಳುವೆಯಲ್ಲೇ ಆ ಹುಡುಗಿಯ ಉತ್ತರಕ್ಕೆ ಸಾಕ್ಷಿಯೊಂದಿತ್ತು. ಅದನ್ನು ನಾನು ಬರೀ ರೋಚಕ ಪ್ರಸಂಗವಾಗಿ ಹೇಳಿ ಮುಗಿಸುತ್ತಿದ್ದೆ. ಸ್ಪೇನಿನಲ್ಲಿ ಚರ್ಚಿನ ಕಣ್ಣು ತಪ್ಪಿಸಿ ಶ್ರೀಮಂತರ ಖಾಸಗಿ ಕೋಣೆಗಳಲ್ಲಿದ್ದ ಈ ಚಿತ್ರ 1813ರಲ್ಲಿ ಇಂಗ್ಲೆಂಡಿಗೆ ಬಂತು, ಯಾರ್ಕ್‌ಷೈರಿನ ರೋಕ್‌ಬಿ ಪಾರ್ಕ್ ಬಂಗಲೆಯಲ್ಲಿ ನೇತಾಡಿ ಆ ಹೆಸರು ಪಡೆಯಿತು. 1906ರಲ್ಲಿ 45,000 ಪೌಂಡಿಗೆ ಕೊಂಡು ನ್ಯಾಷನಲ್ ಗ್ಯಾಲರಿಗೆ ಕೊಟ್ಟರು. 1914ರ ಮಾರ್ಚ್ 10ರಂದು ಮೇರಿ ರಿಚರ್ಡ್‌ಸನ್ ಎಂಬ ಮತದಾನ ಹಕ್ಕಿನ ಹೋರಾಟಗಾರ್ತಿ ಮಾಂಸ ಕತ್ತರಿಸುವ ಮಚ್ಚು ಅಡಗಿಸಿಕೊಂಡು ಒಳಗೆ ಹೋಗಿ ಆ ಬೆನ್ನಿನ ಮೇಲೆ ಹಲವು ಸಲ ಬೀಸಿದಳು. ನಾಯಕಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಬಂಧನಕ್ಕೆ ಪ್ರತೀಕಾರವೆಂದು ಆಗ ಹೇಳಿದಳು. 1952ರಲ್ಲಿ ಕೊಟ್ಟ ಸಂದರ್ಶನದಲ್ಲಿ ಇನ್ನೊಂದು ಕಾರಣವನ್ನೂ ಸೇರಿಸಿದಳು: ಗ್ಯಾಲರಿಗೆ ಬರುವ ಗಂಡಸರು ದಿನವಿಡೀ ಬಾಯಿಬಿಟ್ಟುಕೊಂಡು ಅದನ್ನು ನೋಡುತ್ತಿದ್ದ ರೀತಿ ತನಗೆ ಹಿಡಿಸುತ್ತಿರಲಿಲ್ಲ ಎಂದು. ಮಚ್ಚಿನ ಏಟನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಚಿತ್ರದ ಮುಂದೆ ನಿಂತವರು ಏನು ಮಾಡುತ್ತಿದ್ದಾರೆ ಎಂದು ಅವಳು ನೋಡಿದ್ದಳು. ಕನ್ನಡಿಯೊಳಗಿನ ಮಸುಕು ಮುಖ ಮಾಡುತ್ತಿರುವುದೂ ಅದನ್ನೇ. ನನ್ನ ಅಹಂಕಾರದ ವ್ಯಾಖ್ಯಾನ ತಪ್ಪನ್ನೆಲ್ಲ ಮಲಗಿದ್ದವಳ ಮೇಲೆ ಹೊರಿಸಿ, ಕತ್ತಲೆಯ ಕೋಣೆಯಲ್ಲಿ ಪ್ರೊಜೆಕ್ಟರ್ ಪಕ್ಕ ನಿಂತಿದ್ದವನನ್ನು ಲೆಕ್ಕದಿಂದ ಬಿಟ್ಟಿತ್ತು.

ಆ ವಿದ್ಯಾರ್ಥಿನಿಯ ಫೋನ್ ನಂಬರ್ ಹಳೆಯ ವಿದ್ಯಾರ್ಥಿಯೊಬ್ಬರಿಂದ ಸಿಕ್ಕಿತು. ಮಾಡಿದೆ. ತಪ್ಪಾಯಿತಮ್ಮ, ನಿನ್ನ ಉತ್ತರವೇ ಸರಿಯಿತ್ತು ಎಂದೆ. ‘ಯಾವ ಉತ್ತರ ಸರ್?’ ಎಂದಳು. ವಿವರಿಸಿದೆ. ‘ಅಯ್ಯೋ, ನನಗೆ ನೆನಪೇ ಇಲ್ಲ. ಆ ವರ್ಷ ಹಿಸ್ಟರಿ ಪೇಪರ್ ಮೇಲೆ ಬೇಜಾರಾಗಿ ಗ್ರಾಫಿಕ್ಸಿಗೆ ಹೋಗ್ಬಿಟ್ಟೆ’ ಎಂದು ನಕ್ಕಳು. ಕ್ಷಮೆ ಕೇಳಲು ಹೋದವನಿಗೆ ಕ್ಷಮೆ ಸಿಗಲಿಲ್ಲ, ತಪ್ಪಿನ ಬೆಲೆ ಮಾತ್ರ ತಿಳಿಯಿತು. ನೋಡಬಲ್ಲ ಒಬ್ಬಳನ್ನು ಈ ವಿಷಯದಿಂದಲೇ ಆಚೆ ಕಳಿಸಿದ್ದೆ.

ಈಗ ನಾನು ಪಾಠ ಮಾಡುವ ಕ್ರಮ ಬೇರೆ. ಚಿತ್ರ ತೋರಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಗುಸುಗುಸು ಬಂದರೆ ಬರಲಿ, ಅದೂ ಚಿತ್ರಕ್ಕೆ ಸೇರಿದ್ದೇ. ಮೊದಲ ಪ್ರಶ್ನೆ, ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ? ಎರಡನೆಯದು, ಇಲ್ಲಿ ಲೋಕದ ನಿಯಮಕ್ಕೆ ಹೊಂದದ ಜಾಗ ಯಾವುದು? ಅಳತೆ ತಪ್ಪಿದ ಮುಖವೋ, ಬರಬಾರದ ಕಡೆಯಿಂದ ಬಂದ ಬೆಳಕೋ? ಕಲಾವಿದ ಬೇಕೆಂದೇ ನಿಯಮ ಮುರಿದ ಜಾಗದಲ್ಲಿ ಅವನ ಉದ್ದೇಶ ಬಯಲಿಗೆ ಬರುತ್ತದೆ. ಯಾವ ವಸ್ತು ಯಾವುದರ ಸಂಕೇತ ಎಂಬುದು ಮೂರನೆಯ ಪ್ರಶ್ನೆ, ಆಗಲೂ ಒಂದಕ್ಕಿಂತ ಹೆಚ್ಚು ಉತ್ತರ ಇಟ್ಟುಕೊಂಡೇ ಕೇಳುತ್ತೇನೆ. ವೀನಸ್ ಆದ ಮೇಲೆ ‘ಲಾಸ್ ಮೆನಿನಾಸ್’ ತೋರಿಸುತ್ತೇನೆ. ಅದರ ಹಿಂಗೋಡೆಯ ಕನ್ನಡಿಯಲ್ಲಿರುವ ರಾಜ ರಾಣಿಯರು ನಾವು ನಿಂತಿರುವ ಜಾಗದಲ್ಲಿ ನಿಂತವರೋ, ಅಥವಾ ನಮಗೆ ಹಿಂಬದಿ ಮಾತ್ರ ಕಾಣುವ ಆ ದೊಡ್ಡ ಕ್ಯಾನ್ವಾಸಿನ ಮೇಲೆ ವೆಲಾಸ್ಕೆಸ್ ಬರೆಯುತ್ತಿರುವ ಚಿತ್ರದ ಪ್ರತಿಬಿಂಬವೋ ಎಂಬುದರ ಬಗ್ಗೆ ವಾದ ಇಂದಿಗೂ ನಡೆದಿದೆ. ಮಕ್ಕಳಿಗೆ ಕನ್ನಡಿಯೊಂದನ್ನು ಕೊಟ್ಟು, ಬೆಂಚು ಸರಿಸಿ, ನೀವೇ ನಿಂತು ನೋಡಿ ಹೇಳಿ ಎನ್ನುತ್ತೇನೆ. ಹೋದ ಸಲ ತರಗತಿ ಎರಡು ಪಕ್ಷವಾಗಿ ಗಂಟೆ ಹೊಡೆದರೂ ಎದ್ದಿರಲಿಲ್ಲ, ನಾನು ಯಾವ ಪಕ್ಷ ಎಂದು ಹೇಳಲೂ ಇಲ್ಲ.